ಜಕ್ಕೂರಿನ ನೊಣಗಳು, ಯಲಹಂಕದ ನಿದ್ದೆ

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಬದಿಯಲ್ಲಿ ಮುಸ್ಸಂಜೆ ಹೊತ್ತು ನಿಂತರೆ ಪಾಳಿ ಬದಲಾಗುವುದು ಕಾಣುತ್ತದೆ. ಬಣ್ಣದ ಕೊಕ್ಕರೆ, ಹಾವಕ್ಕಿ, ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮರಗಳಿಗೆ ಮರಳುವ ಸಮಯಕ್ಕೆ ಸರಿಯಾಗಿ, ಹಗಲೆಲ್ಲ ಕೊಂಬೆಗಳ ನಡುವೆ ಕುತ್ತಿಗೆ ಒಳಗೆಳೆದುಕೊಂಡು ಕೂತಿದ್ದ ರಾತ್ರಿ ಬಕಗಳು ಒರಟು ದನಿಯಲ್ಲಿ ಕೂಗುತ್ತ ಬೇಟೆಗೆ ಹೊರಡುತ್ತವೆ. 2015ರಲ್ಲಿ ಸರ್ಕಾರ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮುಸ್ಸಂಜೆಯ ಅದೇ ಹೊತ್ತಿಗೆ ಅತ್ತ ರಸ್ತೆಯಲ್ಲಿ ಮನುಷ್ಯರ ಪಾಳಿಯೂ ಬದಲಾಗುತ್ತಿರುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ ಕ್ಯಾಬುಗಳು, ಕಂಪನಿ ಬಸ್ಸುಗಳು, ರಾತ್ರಿ ಕಾವಲಿಗೆ ಹೊರಟ ಸೆಕ್ಯುರಿಟಿಯವರ ಸೈಕಲ್ಲುಗಳು. ರಾತ್ರಿ ಬಕ ಹಗಲು ಮಲಗುವುದಕ್ಕೇ ಹುಟ್ಟಿದ ಹಕ್ಕಿ. ರಾತ್ರಿ ಪಾಳಿಯ ಮನುಷ್ಯ ಹಾಗೆ ಹುಟ್ಟಿದವನಲ್ಲ, ಮತ್ತು ಎಷ್ಟು ವರ್ಷ ದುಡಿದರೂ ಹಾಗೆ ಆಗುವುದಿಲ್ಲ.

ನಿದ್ದೆ ಕೆಟ್ಟವರಿಗೆ ನಾವು ಹೇಳುವ ಬುದ್ಧಿಮಾತು ಎಲ್ಲರಿಗೂ ಗೊತ್ತು: ಮೊಬೈಲ್ ಪಕ್ಕಕ್ಕಿಡಿ, ಸಂಜೆ ಕಾಫಿ ಬಿಡಿ, ಬೇಗ ಮಲಗಿ ಬೇಗ ಏಳಿ. ಇದರಲ್ಲಿ ಸುಳ್ಳಿಲ್ಲ. ಆದರೆ ಇದೆಲ್ಲ ನಿದ್ದೆಯನ್ನು ಒಬ್ಬೊಬ್ಬರ ಶಿಸ್ತಿನ ಪ್ರಶ್ನೆಯಾಗಿ ನೋಡುತ್ತದೆ. ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಾಗಿ ಓದಿದವರಿಗೆ ಬೇರೆಯದೇ ಚಿತ್ರ ಸಿಗುತ್ತದೆ. ನಾವು ಯಾವಾಗ ಮಲಗಬಲ್ಲೆವು, ಎಷ್ಟು ಚೆನ್ನಾಗಿ ಮಲಗಬಲ್ಲೆವು ಎಂಬುದರ ಬಹುಪಾಲನ್ನು ಬೆಳಕು, ಕೆಲಸದ ವೇಳೆ, ಶಾಲೆಯ ಗಂಟೆ, ಬೀದಿಯ ಸದ್ದು ನಿರ್ಧರಿಸುತ್ತವೆ. ಕುಡಿಯುವ ನೀರಿನಂತೆ ನಿದ್ದೆಯೂ ಊರಿನ ವ್ಯವಸ್ಥೆಗೆ ಸೇರಿದ ಸಂಗತಿ ಎಂಬುದು ನನ್ನ ನಿಲುವು. ಇದಕ್ಕೆ ಬೇಕಾದ ಸಾಕ್ಷ್ಯದ ಒಂದು ಮುಖ್ಯ ಭಾಗ ಸಿದ್ಧವಾದದ್ದು ಈ ಕೆರೆಯಿಂದ ಹತ್ತು ಕಿಲೋಮೀಟರ್ ಒಳಗೇ, ಜಕ್ಕೂರಿನಲ್ಲಿ. ಯಲಹಂಕದವರಿಗೇ ಅದು ಅಷ್ಟಾಗಿ ತಿಳಿಯದಿರುವುದು ಬೇಸರದ ಮಾತು.

1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ. 1999ರಲ್ಲಿ ಅಲ್ಲಿನ ನಾಲ್ವರು, ಶೀಬಾ ವಾಸು, ವಿಜಯ್ ಕುಮಾರ್ ಶರ್ಮ, ಎಂ.ಕೆ. ಚಂದ್ರಶೇಖರನ್ ಮತ್ತು ಅಮಿತಾಭ್ ಜೋಶಿ, ಜರ್ಮನಿಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಎರಡು ಪುಟಗಳ ಪುಟ್ಟ ವರದಿ ಪ್ರಕಟಿಸಿದರು. ಬಾಳೆಹಣ್ಣು ಕೊಳೆತರೆ ಮುತ್ತಿಕೊಳ್ಳುವ ಹಣ್ಣುನೊಣಗಳ ಕುರಿತ ವರದಿ ಅದು. ಆ ನೊಣಗಳ ವಂಶ 600 ತಲೆಮಾರುಗಳಿಂದ ಪ್ರಯೋಗಾಲಯದ ಆರದ ದೀಪದ ಕೆಳಗೇ, ಒಂದೇ ಉಷ್ಣಾಂಶದಲ್ಲಿ ಬೆಳೆದಿತ್ತು. ಅವುಗಳ ಲೋಕದಲ್ಲಿ ಹಗಲು, ರಾತ್ರಿ ಎಂಬುದೇ ಇರಲಿಲ್ಲ. ಮನುಷ್ಯರ ಲೆಕ್ಕದಲ್ಲಿ ಒಂದು ತಲೆಮಾರಿಗೆ 25 ವರ್ಷ ಹಿಡಿದರೆ 600 ತಲೆಮಾರು ಎಂದರೆ 15,000 ವರ್ಷ. ಅಷ್ಟು ಕಾಲ ಸೂರ್ಯೋದಯವನ್ನೇ ಕಾಣದ ವಂಶದ ದೇಹದಲ್ಲಿ ಹಗಲಿರುಳಿನ ಲೆಕ್ಕ ಉಳಿದೀತೇ? ಸಂಶೋಧಕರು ಆ ನೊಣಗಳನ್ನು ಕತ್ತಲೆಗೆ ತಂದಿಟ್ಟರು. ಪೊರೆಯೊಡೆದು ನೊಣ ಹೊರಬರುವ ಕ್ರಿಯೆ ಸುಮಾರು 24 ಗಂಟೆಗಳ ಲಯದಲ್ಲೇ ನಡೆಯಿತು. ಬಳಕೆಯಿಲ್ಲದಿದ್ದರೂ ಗಡಿಯಾರ ಸವೆದಿರಲಿಲ್ಲ.

ಈ ಫಲಿತಾಂಶದ ಅರ್ಥದ ಬಗ್ಗೆ ಇಂದಿಗೂ ಚರ್ಚೆಯಿದೆ. ಹೊರಗಿನ ಹಗಲಿರುಳಿಗೆ ಹೊಂದಿಕೊಳ್ಳುವುದಷ್ಟೇ ಜೈವಿಕ ಗಡಿಯಾರದ ಕೆಲಸವಾಗಿದ್ದರೆ, ಬೇಡವಾದ ಅಂಗದಂತೆ ಅದು ಕ್ರಮೇಣ ಕ್ಷೀಣಿಸಬೇಕಿತ್ತು. ಕ್ಷೀಣಿಸಲಿಲ್ಲವೆಂದರೆ ದೇಹದೊಳಗಿನ ಕೆಲಸಗಳನ್ನು, ಅಂದರೆ ಜೀರ್ಣ, ದುರಸ್ತಿ, ಬೆಳವಣಿಗೆಗಳನ್ನು, ಒಂದಕ್ಕೊಂದು ಅಡ್ಡಬರದಂತೆ ಹೊಂದಿಸುವ ಹೊಣೆಯೂ ಅದಕ್ಕಿರಬೇಕು. ನನಗೆ ಈ ವಾದ ಒಪ್ಪಿತವಾಗಿ ಕಾಣುತ್ತದೆ. ನಿದ್ದೆಗೆಟ್ಟವರಿಗೆ ಬರೀ ಆಕಳಿಕೆ ಬಾರದೆ ಹೊಟ್ಟೆ, ಸಕ್ಕರೆ, ರಕ್ತದೊತ್ತಡ ಎಲ್ಲವೂ ಏಕೆ ಕೆಡುತ್ತವೆ ಎಂಬುದಕ್ಕೆ ಇದು ದಾರಿ ತೋರಿಸುತ್ತದೆ.

ಜಕ್ಕೂರಿಗೆ ಈ ವಿದ್ಯೆ ಬಂದ ದಾರಿ ಸ್ವಾರಸ್ಯಕರ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲೆಯಲ್ಲಿಟ್ಟು, ಬೆಳಕಿಲ್ಲದಿದ್ದರೂ ಅದರ ಎಲೆಗಳು ಹಗಲು ಬಿಚ್ಚಿ ರಾತ್ರಿ ಮುಚ್ಚುವುದನ್ನು ಕಂಡ. ಎರಡು ಶತಮಾನದ ಬಳಿಕ ಜರ್ಮನಿಯ ಎರ್ವಿನ್ ಬ್ಯೂನಿಂಗ್ ಈ ಲಯ ಅನುವಂಶೀಯವೆಂದು ತೋರಿಸಿದ. ಟ್ಯೂಬಿಂಗೆನ್ನಿನಲ್ಲಿ ಬ್ಯೂನಿಂಗ್ ಜೊತೆ ಕೆಲಸ ಮಾಡಿ ಬಂದವರು ಚಂದ್ರಶೇಖರನ್. ಮದುರೆ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಮತ್ತು ಶಿಷ್ಯರು ಅಲ್ಲಿನ ಗುಹೆಗಳ ಬಾವಲಿಗಳನ್ನು ಅಭ್ಯಸಿಸಿದರು. ಗವ್ವೆನ್ನುವ ಕತ್ತಲೆಯ ಗುಹೆಯಲ್ಲಿ ಬಾವಲಿಯೊಂದನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಅದರ ಗಡಿಯಾರ ಹೊರಗಿನ ದಿನದಿಂದ ಮೆಲ್ಲನೆ ಜಾರುತ್ತ ಹೋಗುತ್ತಿತ್ತು. ಅದೇ ಕತ್ತಲೆಯಲ್ಲಿ ಸುತ್ತ ಸ್ವತಂತ್ರವಾಗಿ ಹಾರಾಡುವ ಬಳಗವಿದ್ದರೆ ಪಂಜರದ ಬಾವಲಿಯೂ ಬಳಗದ ವೇಳೆಗೇ ಹೊಂದಿಕೊಳ್ಳುತ್ತಿತ್ತು. ಸುತ್ತಲಿನವರ ಬಳಕೆಯೂ ಗಡಿಯಾರವನ್ನು ತಿದ್ದಬಲ್ಲದು ಎಂದು ತೋರಿಸಿದ ಈ ಕೆಲಸ 1981ರಲ್ಲಿ ಪ್ರಕಟವಾಯಿತು. ಮನುಷ್ಯರನ್ನು ಹಗಲಿರುಳಿನ ಸುಳಿವಿಲ್ಲದ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ ನೋಡುವ ವ್ಯವಸ್ಥೆಯನ್ನೂ ಅವರು ಮದುರೆಯಲ್ಲಿ ಕಟ್ಟಿದ್ದರು. ಆಮೇಲೆ ಅವರು ಜಕ್ಕೂರಿಗೆ ಬಂದರು. ಬೆಂಗಳೂರಿನ ಕಾಲಜೀವವಿಜ್ಞಾನದ ಬೇರು ಹೀಗೆ ತಮಿಳುನಾಡಿನ ಗುಹೆಗಳಲ್ಲಿದೆ.

ಗಡಿಯಾರದ ಒಳಗೇನಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ನೊಣದಲ್ಲೇ. 1971ರಲ್ಲಿ ಅಮೆರಿಕದ ರೊನಾಲ್ಡ್ ಕೊನೊಪ್ಕ ಮತ್ತು ಸೀಮೋರ್ ಬೆಂಜರ್ ಮೂರು ವಿಚಿತ್ರ ನೊಣಗಳನ್ನು ಗುರುತಿಸಿದರು. ಒಂದರ ದಿನ 19 ಗಂಟೆ, ಇನ್ನೊಂದರದು 28 ಗಂಟೆ, ಮತ್ತೊಂದಕ್ಕೆ ಲಯವೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನ್. 'ಪೀರಿಯಡ್' ಎಂದು ಹೆಸರಿಟ್ಟ ಆ ಜೀನನ್ನು 1984ರಲ್ಲಿ ಬೇರ್ಪಡಿಸಿ, ಮುಂದೆ ಅದರ ಕೆಲಸದ ರೀತಿಯನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಕೆಲಸದ ರೀತಿ ಸರಳ. ಜೀನ್ ಒಂದು ಪ್ರೋಟೀನ್ ತಯಾರಿಸುತ್ತದೆ. ಪ್ರೋಟೀನ್ ಕೂಡುತ್ತ ಹೋಗಿ, ರಾತ್ರಿ ಜೊತೆಗಾರನೊಂದಿಗೆ ಕೋಶದ ನ್ಯೂಕ್ಲಿಯಸ್ ಹೊಕ್ಕು, ತನ್ನನ್ನು ಹುಟ್ಟಿಸಿದ ಜೀನನ್ನೇ ತಡೆಯುತ್ತದೆ. ತಯಾರಿಕೆ ನಿಲ್ಲುತ್ತದೆ. ಇದ್ದ ಪ್ರೋಟೀನ್ ಕರಗುತ್ತ ಬಂದು, ತಡೆ ತೆರವಾಗಿ, ಜೀನ್ ಮತ್ತೆ ಕೆಲಸ ಶುರು ಮಾಡುತ್ತದೆ. ಈ ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ದಿನ. ನೊಣದಲ್ಲಿ ಬೆಳಕು ಬಿದ್ದ ಕೂಡಲೇ ಆ ಜೊತೆಗಾರ ಪ್ರೋಟೀನ್ ನಾಶವಾಗುವುದರಿಂದ ಸೂರ್ಯ ದಿನವೂ ಗಡಿಯಾರವನ್ನು ತಿದ್ದುತ್ತಾನೆ.

ಜಕ್ಕೂರಿನಲ್ಲಿ ಶರ್ಮ ಅವರ ತಂಡ ಕೈಗೆತ್ತಿಕೊಂಡದ್ದು ಮತ್ತೊಂದು ಪ್ರಶ್ನೆ: ಕೆಲವರು ಕೋಳಿ ಕೂಗುವ ಮೊದಲೇ ಎದ್ದು ಕೂರುತ್ತಾರೆ, ಕೆಲವರಿಗೆ ಹತ್ತಾದರೂ ಕಣ್ಣು ಬಿಡಲಾಗದು, ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನೊಣಗಳ ಗುಂಪುಗಳಲ್ಲಿ ಬೆಳಗಿನ 5ರಿಂದ 9ರೊಳಗೆ ಪೊರೆಯೊಡೆದವನ್ನಷ್ಟೇ ಆರಿಸಿ ಒಂದು ವಂಶ ಬೆಳೆಸಿದರು. ಸಂಜೆ 5ರಿಂದ 9ರೊಳಗೆ ಹೊರಬಂದವುಗಳಿಂದ ಇನ್ನೊಂದು ವಂಶ. 55 ತಲೆಮಾರು ಕಳೆಯುವಷ್ಟರಲ್ಲಿ ಗುಂಪುಗಳು ಕಣ್ಣಿಗೆ ಕಾಣುವಷ್ಟು ದೂರವಾಗಿದ್ದವು. ಬೆಳಗಿನ ವಂಶದ ಒಳಗಡಿಯಾರ ವೇಗವಾಗಿ ಸುತ್ತುತ್ತಿತ್ತು, ಸಂಜೆಯ ವಂಶದ್ದು ನಿಧಾನ. 2007ರಲ್ಲಿ ಈ ವಿವರ ಪ್ರಕಟವಾಯಿತು.

ಈ ಫಲಿತಾಂಶದ ಹಿಂದಿನ ದುಡಿಮೆಯನ್ನು ನೆನೆಯಬೇಕು. ಗಾಜಿನ ಸೀಸೆಗಳ ಒಳಗೋಡೆಗೆ ಪೊರೆಗಳು ಅಂಟಿರುತ್ತವೆ. ಹೊರಬರುವ ಮುನ್ನ ಅವು ಕಪ್ಪಾಗುತ್ತವೆ, ಮಡಿಚಿದ ರೆಕ್ಕೆ ಒಳಗಿನಿಂದಲೇ ಕಾಣುತ್ತದೆ. ಎರಡೆರಡು ಗಂಟೆಗೊಮ್ಮೆ ಸೀಸೆ ಸೀಸೆಯನ್ನೂ ನೋಡಿ, ಹೊರಬಂದ ನೊಣಗಳನ್ನು ತೆಗೆದು ಎಣಿಸಬೇಕು. ಕತ್ತಲೆಯ ಕೋಣೆಯಾದರೆ ನೊಣಕ್ಕೆ ಅಷ್ಟಾಗಿ ಕಾಣದ ಮಂದ ಕೆಂಪು ಬೆಳಕಿನಲ್ಲೇ ಎಣಿಕೆ. ಹಗಲೂ ರಾತ್ರಿಯೂ, ದಿನಗಳ ಕಾಲ ಹೀಗೇ ನಡೆಯಬೇಕು. ನಿದ್ದೆಯ ಗುಟ್ಟು ಹುಡುಕಲು ತಮ್ಮ ನಿದ್ದೆಯನ್ನೇ ತೆತ್ತ ಸಂಶೋಧನಾ ವಿದ್ಯಾರ್ಥಿಗಳ ಮೇಲೆ ಈ ಶಾಸ್ತ್ರ ನಿಂತಿದೆ.

ಬೆಳಕಿನಿಂದ ಹುಟ್ಟಿನ ವೇಳೆಯನ್ನು ಹಿಡಿತಕ್ಕೆ ತರುವುದು ನಮ್ಮ ರೇಷ್ಮೆ ಸೀಮೆಯವರಿಗೆ ಹೊಸತಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಯಲಹಂಕದಿಂದ ಉತ್ತರಕ್ಕೆ ವಿಜಯಪುರ, ಶಿಡ್ಲಘಟ್ಟದ ಕಡೆ ಚಾಕಿ, ಅಂದರೆ ಎಳೆಯ ರೇಷ್ಮೆಹುಳು, ಸಾಕಣೆ ಕೇಂದ್ರಗಳಿವೆ. ರೇಷ್ಮೆ ಮೊಟ್ಟೆಯಲ್ಲಿ ಮೊದಲು ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣಿಸಿಕೊಂಡು, ಮಾರನೆಯ ದಿನ ಇಡೀ ಮೊಟ್ಟೆ ನೀಲಿಗೆ ತಿರುಗುತ್ತದೆ. ಆ ಹಂತದಲ್ಲಿ ಮೊಟ್ಟೆಗಳನ್ನು ಕಪ್ಪು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ಕತ್ತಲೆಯಲ್ಲಿಡುತ್ತಾರೆ. ಮುಂದಿದ್ದ ಮೊಟ್ಟೆಗಳು ತಡೆಯುತ್ತವೆ, ಹಿಂದುಳಿದವು ಬಂದು ಕೂಡಿಕೊಳ್ಳುತ್ತವೆ. ಎರಡು ದಿನದ ಬಳಿಕ ಬೆಳ್ಳಂಬೆಳಗ್ಗೆ ಬೆಳಕಿಗೆ ತೆರೆದರೆ ಹುಳುಗಳು ಒಂದೇ ಸಲಕ್ಕೆ ಈಚೆ ಬರುತ್ತವೆ. 'ಬ್ಲ್ಯಾಕ್ ಬಾಕ್ಸಿಂಗ್' ಎನ್ನುವ ಈ ಪದ್ಧತಿ ಕೈಕೊಟ್ಟರೆ ಹುಳು ಹಿಂದುಮುಂದಾಗಿ ಹುಟ್ಟಿ, ಜ್ವರದ (ಪೊರೆ ಕಳಚುವ) ಕಾಲವೂ ಹಣ್ಣಾಗುವ (ಗೂಡು ಕಟ್ಟುವ) ಕಾಲವೂ ಚದುರಿ, ಬೆಳೆಯೇ ಏರುಪೇರಾಗುತ್ತದೆ. ಕತ್ತಲೆಗೂ ಬೆಲೆಯಿದೆ ಎಂಬುದು ಈ ಸೀಮೆಯ ರೈತರು ದುಡಿಮೆಯಲ್ಲಿ ಕಂಡುಕೊಂಡ ಸತ್ಯ.

ಪ್ರಯೋಗಾಲಯದ ದೀಪ ತಟ್ಟನೆ ಹೊತ್ತಿ ತಟ್ಟನೆ ಆರುತ್ತದೆ. ನಿಜವಾದ ಬೆಳಗು ಹಾಗಲ್ಲ. ಜಕ್ಕೂರಿನವರ ಇನ್ನೊಂದು ಮಹತ್ವದ ಕೆಲಸ ಇಲ್ಲಿ ಬರುತ್ತದೆ. ಕೇಂದ್ರದ ಆವರಣದಲ್ಲೇ ಮರದ ನೆರಳಿನಲ್ಲಿ ಜಾಲರಿಯ ಗೂಡು ಕಟ್ಟಿ, ಬೆಂಗಳೂರಿನ ಗಾಳಿ, ಬಿಸಿಲು, ತೇವಕ್ಕೆ ನೊಣಗಳನ್ನು ಒಡ್ಡಿ ನೋಡಿದರು. ಪ್ರಯೋಗಾಲಯದಲ್ಲಿ ನೊಣ ಬೆಳಗ್ಗೆ, ಸಂಜೆ ಚಟುವಟಿಕೆಯಿಂದಿದ್ದು ಮಧ್ಯಾಹ್ನ ಸುಮ್ಮನಿರುತ್ತದೆ. ಹೊರಗಡೆ ಬಿಸಿಲೇರಿದ ದಿನಗಳಲ್ಲಿ ಮಧ್ಯಾಹ್ನವೂ ಮೂರನೆಯ ಓಡಾಟ ಕಂಡಿತು. ಸುಖದ ಓಡಾಟವಲ್ಲ ಅದು, ಬಿಸಿಲ ಬೇಗೆಯ ಪರಿಣಾಮ ಎಂದು 2013ರಲ್ಲಿ ಅವರು ವಿವರಿಸಿದರು. ಈ ವಿದ್ಯೆಯ ಹೆಚ್ಚಿನ ಪಾಠಗಳು ಬೇಸಿಗೆ ಹಗಲು ಹದಿನಾರು ಗಂಟೆಯಿರುವ ದೇಶಗಳಿಂದ ಬಂದಿವೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಸೂರ್ಯೋದಯ ವರ್ಷವಿಡೀ ಒಂದು ಗಂಟೆಯೊಳಗೇ ಆಚೀಚೆ ಆಗುತ್ತದೆ. ನಮ್ಮ ಋತುಗಳನ್ನು ಬೆಳಕಿಗಿಂತ ಹೆಚ್ಚಾಗಿ ಬಿಸಿಲು, ಮಳೆ, ತೇವಗಳೇ ರೂಪಿಸುತ್ತವೆ. ಇಲ್ಲಿನ ನಿದ್ದೆಯನ್ನು ಅರಿಯಲು ಇಲ್ಲಿನ ಹವೆಯಲ್ಲೇ ಅಭ್ಯಾಸ ನಡೆಯಬೇಕು.

ಗಡಿಯಾರದಿಂದ ನಿದ್ದೆಗೆ ದಾಟುವ ಸೇತುವೆಯನ್ನು ಹುಡುಕಿದವರಲ್ಲಿ ಶೀಬಾ ವಾಸು ಪ್ರಮುಖರು. ಅಮೆರಿಕದಲ್ಲಿ ಟಾಡ್ ಹೋಮ್ಸ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ಮರಳಿದ ಅವರು ಜಕ್ಕೂರಿನಲ್ಲೇ ತಮ್ಮ ತಂಡ ಕಟ್ಟಿದರು. ನೊಣದ ಮಿದುಳಿನಲ್ಲಿ ಗಡಿಯಾರದ ನರಕೋಶಗಳು ಇನ್ನೂರರ ಆಸುಪಾಸು. ಅವುಗಳಲ್ಲಿ ಎಡಬಲಕ್ಕೆ ನಾಲ್ಕು ನಾಲ್ಕರಂತೆ ಇರುವ ದೊಡ್ಡ ಕೋಶಗಳು ಬೆಳಕನ್ನು ಎಚ್ಚರವಾಗಿ ಮಾರ್ಪಡಿಸುತ್ತವೆ ಎಂದು 2008ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ತೋರಿಸಿದರು. ಈ ಬೆರಳೆಣಿಕೆಯ ಕೋಶಗಳನ್ನು ಅತಿಯಾಗಿ ಕೆರಳಿಸಿದರೆ ಹಗಲಿನ ಜೀವಿಯಾದ ನೊಣ ರಾತ್ರಿಯೆಲ್ಲ ಎದ್ದು ಓಡಾಡುತ್ತದೆ. ನೊಣದ ನಿದ್ದೆಯನ್ನು ಅಳೆಯುವುದು ಹೀಗೆ: ಪೆನ್ಸಿಲಿಗಿಂತ ಸಪೂರವಾದ ಗಾಜಿನ ಕೊಳವೆಯಲ್ಲಿ ಒಂದೊಂದೇ ನೊಣ, ನಡುವೆ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಐದು ನಿಮಿಷ ನೊಣ ಅಲುಗಾಡದಿದ್ದರೆ ನಿದ್ದೆಯೆಂದು ಲೆಕ್ಕ. ಹಗಲಿನಲ್ಲಿ ನೊಣವನ್ನು ಎಚ್ಚರವಾಗಿಡಲು ಗಡಿಯಾರದ ಕೋಶಗಳು ಡೋಪಮೈನ್ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ ಎಂಬುದನ್ನು ಅವರ ತಂಡ 2018ರಲ್ಲಿ ತೋರಿಸಿತು. ಅದೇ ವರ್ಷದ ಮತ್ತೊಂದು ಪ್ರಯೋಗದಲ್ಲಿ ಕೆಫೀನ್ ಉಣಿಸಿಯೂ ಅಲುಗಾಡಿಸಿಯೂ ನೊಣಗಳ ನಿದ್ದೆ ಕೆಡಿಸಿದಾಗ ಅವು ಇಡುವ ಮೊಟ್ಟೆ ಕಡಿಮೆಯಾಯಿತು. ನಿದ್ದೆ ಕೆಟ್ಟರೆ ಸಂತಾನಕ್ಕೂ ಪೆಟ್ಟು.

ನೊಣದ ಮಾತು ಮನುಷ್ಯನಿಗೆ ಎಷ್ಟು ಸಲ್ಲುತ್ತದೆ? ಜೀನುಗಳ ಮಟ್ಟಿಗೆ ಬಹಳಷ್ಟು. ಸಂಜೆ ಏಳೂವರೆಗೇ ನಿದ್ದೆ ತೂಗಿ ನಸುಕಿನ ನಾಲ್ಕೂವರೆಯ ಹೊತ್ತಿಗೆ ಎಚ್ಚರವಾಗುವ ಕೆಲವು ಕುಟುಂಬಗಳಲ್ಲಿ ಆ 'ಪೀರಿಯಡ್' ಜೀನಿನ ಮಾನವ ರೂಪದಲ್ಲೇ ಬದಲಾವಣೆ ಇರುವುದು 2001ರಲ್ಲಿ ಗೊತ್ತಾಯಿತು. ನಮ್ಮ ಮುಖ್ಯ ಗಡಿಯಾರವಿರುವುದು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ, ಸುಮಾರು 20,000 ನರಕೋಶಗಳ ಗೊಂಚಲಿನಲ್ಲಿ. ನೋಡಲು ಬಳಸದ, ಬೆಳಕನ್ನು ಅಳೆಯಲಷ್ಟೇ ಇರುವ ವಿಶೇಷ ಕೋಶಗಳು ನಮ್ಮ ಅಕ್ಷಿಪಟಲದಲ್ಲಿವೆ. ನೀಲಿ ಛಾಯೆಯ ಬೆಳಕಿಗೆ ಅವು ಬೇಗ ಮಿಡಿಯುತ್ತವೆ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆಳೆದು ಬೇಗ ನಿದ್ದೆ ತರಿಸುತ್ತದೆ, ರಾತ್ರಿಯ ಬೆಳಕು ನಿದ್ದೆಯನ್ನು ತಡಮಾಡುತ್ತದೆ. 1999ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಝೈಸ್ಲರ್ ತಂಡ ಅಳೆದಂತೆ ಮನುಷ್ಯನ ಒಳದಿನ 24 ಗಂಟೆ 11 ನಿಮಿಷದಷ್ಟು. ಅಂದರೆ ತಿದ್ದುವ ಬೆಳಕು ಸಿಗದಿದ್ದರೆ ನಮ್ಮಲ್ಲಿ ಬಹುತೇಕರು ದಿನದಿನಕ್ಕೂ ತುಸು ತಡವಾಗಿ ಮಲಗುವವರೇ.

ಗಡಿಯಾರದ ಜೊತೆಗೆ ಎರಡನೆಯ ಶಕ್ತಿಯೊಂದಿದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್‌ನಂಥ ವಸ್ತುಗಳು ಕೂಡುತ್ತ ನಿದ್ದೆಯ ಒತ್ತಡ ಏರುತ್ತದೆ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟ ಮಾದರಿಯಂತೆ, ಏರಿದ ಒತ್ತಡ ಮತ್ತು ಗಡಿಯಾರದ ರಾತ್ರಿ ಎರಡೂ ಕೂಡಿಬಂದಾಗಲೇ ಗಾಢ ನಿದ್ದೆ. ಕಾಫಿ ಅಡಿನೋಸಿನ್ ಕೂರುವ ಜಾಗವನ್ನು ಆಕ್ರಮಿಸಿ ಒತ್ತಡವನ್ನು ಮರೆಮಾಚುತ್ತದೆಯೇ ಹೊರತು ಇಳಿಸುವುದಿಲ್ಲ. ಸಂಜೆ ಐದಕ್ಕೆ ಕುಡಿದ ಡಿಕಾಕ್ಷನ್ನಿನ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ.

ಊಟದ ವೇಳೆಯೂ ಗಡಿಯಾರಕ್ಕೆ ಮುಟ್ಟುತ್ತದೆ ಎಂಬುದಕ್ಕೆ ಸಾಕ್ಷ್ಯ ನಮ್ಮ ಬಳ್ಳಾರಿ ರಸ್ತೆಯಲ್ಲೇ ಸಿಕ್ಕಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ರಿಕೇಶ್ ಜೈನ್ ಮತ್ತು ಆಕ್ಸೆಲ್ ಬ್ರಾಕ್‌ಮನ್ ಜೇನ್ನೊಣಗಳಿಗೆ ದಿನದ ಒಂದು ನಿಗದಿತ ಹೊತ್ತಿನಲ್ಲಷ್ಟೇ ಆಹಾರ ಸಿಗುವಂತೆ ಮಾಡಿದರು. ಹೊರಗೆ ಸಹಜ ಹಗಲಿರುಳು ಇದ್ದರೂ ಗಡಿಯಾರದ ಜೀನುಗಳ ಏರಿಳಿತ ಊಟದ ವೇಳೆಯ ಕಡೆ ಸರಿಯಿತು. 2018ರಲ್ಲಿ ಬಂದ ಈ ವರದಿಯನ್ನು ರಾತ್ರಿ ಹತ್ತೂವರೆಗೆ ಊಟಕ್ಕೆ ಕೂರುವ ನಗರವಾಸಿಗಳು ಗಮನಿಸಬೇಕು.

ಧ್ಯಾನ ಮಾಡಿದರೆ ನಿದ್ದೆ ಸುಧಾರಿಸುತ್ತದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ಸದಾ ಬರುತ್ತದೆ. ನಿಮ್ಹಾನ್ಸಿನ ಬಿಂದು ಕುಟ್ಟಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಪಶ್ಯನ ಮತ್ತು ಸುದರ್ಶನ ಕ್ರಿಯೆ ರೂಢಿಸಿಕೊಂಡವರಲ್ಲಿ ನಡುವಯಸ್ಸಿನಲ್ಲೂ ಗಾಢ ನಿದ್ದೆಯ ಪಾಲು ಉಳಿದುಕೊಂಡಿತ್ತು. ಧ್ಯಾನವಿಲ್ಲದ ಅದೇ ವಯಸ್ಸಿನವರಲ್ಲಿ ಅದು ಬಹಳ ತಗ್ಗಿತ್ತು. ಆಶೆ ಹುಟ್ಟಿಸುವ ಫಲಿತಾಂಶವಿದು. ಆದರೆ ವರ್ಷಗಟ್ಟಲೆ ಧ್ಯಾನ ನಡೆಸುವವರ ಊಟ, ವೇಳಾಪಟ್ಟಿ, ಜೀವನಕ್ರಮವೂ ಬೇರೆಯಿರುತ್ತದೆ. ಹಾಗಾಗಿ ಧ್ಯಾನವೊಂದೇ ಕಾರಣವೆಂದು ಇದರಿಂದ ತೀರ್ಮಾನಿಸಲಾಗದು.

ಶಿಸ್ತಿನಿಂದಷ್ಟೇ ನಿದ್ದೆ ಸರಿಹೋಗದು ಎಂದು ನನಗೆ ಮನಗಾಣಿಸಿದ್ದು ಚೆನ್ನೈಯ ಅಧ್ಯಯನ. ಪೆಡ್ರೊ ಬೆಸ್ಸೋನ್, ಗೌತಮ್ ರಾವ್ ಮತ್ತಿತರ ಅರ್ಥಶಾಸ್ತ್ರಜ್ಞರು ಅಲ್ಲಿನ 452 ಬಡ ಕೆಲಸಗಾರರ ನಿದ್ದೆಯನ್ನು ಮಣಿಕಟ್ಟಿನ ಉಪಕರಣದಿಂದ ಅಳೆದರು. ಅವರು ದಿನಕ್ಕೆ ಎಂಟು ಗಂಟೆ ಹಾಸಿಗೆಯ ಮೇಲಿದ್ದರೂ ನಿದ್ದೆ ಸಿಗುತ್ತಿದ್ದುದು ಐದೂವರೆ ಗಂಟೆ ಮಾತ್ರ. ಸೆಕೆ, ಸೊಳ್ಳೆ, ಸದ್ದು, ಬೆಳಕು, ಇಕ್ಕಟ್ಟಿನಿಂದ ಪದೇ ಪದೇ ಎಚ್ಚರ. ಹಾಸಿಗೆ, ಫ್ಯಾನು, ಕಿವಿಬೆಣೆ, ಕಣ್ಣುಪಟ್ಟಿ ಕೊಟ್ಟು ಪ್ರೋತ್ಸಾಹಿಸಿದಾಗ ರಾತ್ರಿ ನಿದ್ದೆ 27 ನಿಮಿಷ ಹೆಚ್ಚಿತಾದರೂ ಅವರ ಕೆಲಸದಲ್ಲಾಗಲಿ ಚುರುಕಿನಲ್ಲಾಗಲಿ ಹೇಳುವಂಥ ಸುಧಾರಣೆ ಕಾಣಲಿಲ್ಲ. ಒಡೆದ ನಿದ್ದೆಗೆ ಇನ್ನಷ್ಟು ಒಡೆದ ನಿದ್ದೆ ಸೇರಿದಂತಾಯಿತು. ಕೆಲಸದ ಜಾಗದಲ್ಲೇ ಶಾಂತವಾಗಿ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಟ್ಟಾಗ ಮಾತ್ರ ಕೆಲಸ, ಗಮನ, ಮನಸ್ಸು ಮೂರೂ ಸುಧಾರಿಸಿದವು. 2021ರಲ್ಲಿ ಬಂದ ಈ ಅಧ್ಯಯನವನ್ನು ಓದಿದ ಮೇಲೆ, ಅಪಾರ್ಟ್‌ಮೆಂಟಿನ ಕಾವಲುಗಾರ ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಿದರೆ ಫೋಟೊ ತೆಗೆದು ದೂರು ಕೊಡುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ.

ದೇಶದ ಗಡಿಯಾರದ ಪ್ರಶ್ನೆಯೂ ಇದೆ. ನಮ್ಮೆಲ್ಲರ ವೇಳೆ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ, ಕಾರವಾರದಲ್ಲಿ ಇನ್ನೂ ಹದಿಮೂರು ಹದಿನಾಲ್ಕು ನಿಮಿಷ ತಡ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಅಂಕಿಅಂಶಗಳಿಂದ ಕಂಡುಕೊಂಡಂತೆ ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ. ಮಲಗುವುದು ತಡವಾಗುತ್ತದೆ, ಶಾಲೆಯ ಗಂಟೆ ಮಾತ್ರ ಸರಿಯುವುದಿಲ್ಲ. ಓದಿನ ಮೇಲೂ ಪರಿಣಾಮವಿದೆ, ಬಡ ಮಕ್ಕಳಲ್ಲಿ ಅದು ಹೆಚ್ಚು.

ಶಾಲೆಯ ವಿಚಾರದಲ್ಲಿ ನಾವು ತಿಳಿದೂ ತಿಳಿದೂ ತಪ್ಪು ಮಾಡುತ್ತಿದ್ದೇವೆ. ಹದಿಹರೆಯದಲ್ಲಿ ಒಳಗಡಿಯಾರ ತಡದ ಕಡೆ ವಾಲುತ್ತದೆ. ಹೆಚ್ಚುಕಡಿಮೆ ಇಪ್ಪತ್ತನೆಯ ವಯಸ್ಸಿನಲ್ಲಿ ಈ ವಾಲಿಕೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ ಎಂದು ಜರ್ಮನಿಯ ಟಿಲ್ ರೊನೆಬರ್ಗ್ 2004ರಲ್ಲಿ ತೋರಿಸಿದರು. ಹದಿನೈದರ ಹುಡುಗ ರಾತ್ರಿ ಹನ್ನೊಂದಕ್ಕೂ ಮಲಗಲೊಲ್ಲ ಎಂಬುದು ಸೋಮಾರಿತನದ ಗುರುತಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹದಿಹರೆಯದವರ ಶಾಲೆ ಎಂಟೂವರೆಗೆ ಮೊದಲು ಬೇಡವೆಂದಿತು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೆಯ ತರಗತಿವರೆಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಪಾಠ ಶುರುಮಾಡಬಾರದೆಂದು ಆದೇಶಿಸಿತು. ಬೆಂಗಳೂರಿನಲ್ಲಿ 2023ರಲ್ಲಿ ಶಾಲಾ ವೇಳೆಯ ಚರ್ಚೆ ಎದ್ದದ್ದು ಟ್ರಾಫಿಕ್ ಕಾರಣಕ್ಕೆ. ಮಕ್ಕಳ ನಿದ್ದೆ ಆ ಚರ್ಚೆಯ ಕೇಂದ್ರಕ್ಕೆ ಬರಲೇ ಇಲ್ಲ. ಯಲಹಂಕದ ರಸ್ತೆಗಳಲ್ಲಿ ಬೆಳಗಿನ ಏಳಕ್ಕೆ ಮುಂಚೆಯೇ ಹಳದಿ ಬಸ್ಸುಗಳ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಮಕ್ಕಳನ್ನು ಯಾರೂ ನೋಡಬಹುದು.

ಇನ್ನು ಪಾಳಿಯ ಕೆಲಸ. ಆಸ್ಪತ್ರೆ, ಡೇರಿ, ರೈಲು, ವಿಮಾನ ನಿಲ್ದಾಣ ರಾತ್ರಿ ನಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರ ಹಗಲು ನಿದ್ದೆ ಮಾಮೂಲಿಗಿಂತ ಗಂಟೆಗಟ್ಟಲೆ ಕಡಿಮೆಯಿರುತ್ತದೆ, ಏಕೆಂದರೆ ಒತ್ತಡ ಮಲಗು ಎಂದರೂ ಗಡಿಯಾರ ಏಳು ಎನ್ನುತ್ತದೆ. ನಸುಕಿನ ಎರಡರಿಂದ ಐದರವರೆಗೆ ಎಚ್ಚರ ಅತ್ಯಂತ ತಳಕ್ಕಿಳಿಯುತ್ತದೆ. ಗಾಡಿ ಓಡಿಸುವವರಿಗೆ ಅದೇ ಅಪಾಯದ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಪಟ್ಟಿಗೆ ಸೇರಿಸಿತು. ಮನುಷ್ಯರಲ್ಲಿ ದೊರೆತ ಸಾಕ್ಷ್ಯ ಸೀಮಿತವೆಂದೂ ಅದೇ ಸಂಸ್ಥೆ ಹೇಳಿದೆ, ಹೆದರಿಸಲು ಇದನ್ನು ಬಳಸಬಾರದು. ಮಾಡಬಹುದಾದ ಕೆಲಸ ಮಾತ್ರ ಬಹಳ ಹಿಂದೆಯೇ ಗೊತ್ತಾಗಿದೆ. 1982ರಲ್ಲಿ ಝೈಸ್ಲರ್ ಮತ್ತು ಸಂಗಡಿಗರು ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯಲ್ಲಿ ಪಾಳಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಂದಿನ ದಿಕ್ಕಿಗೆ ತಿರುಗಿಸಿದಾಗ ಕಾರ್ಮಿಕರ ಸಮಾಧಾನವೂ ಉತ್ಪಾದನೆಯೂ ಹೆಚ್ಚಿದವು. ನಮ್ಮ ಒಳದಿನ 24 ಗಂಟೆಗಿಂತ ತುಸು ಉದ್ದವಾದ್ದರಿಂದ ತಡಕ್ಕೆ ಸರಿಯುವುದು ದೇಹಕ್ಕೆ ಸಲೀಸು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಕೂಲಿ, ರಜೆ, ಭದ್ರತೆಯ ಬಗ್ಗೆ ಆಗ ಮಾತಾಯಿತು. ಪಾಳಿ ಯಾವ ದಿಕ್ಕಿಗೆ ತಿರುಗಬೇಕು, ಎರಡು ಪಾಳಿಗಳ ನಡುವೆ ನಿದ್ದೆಗೆ ಎಷ್ಟು ಬಿಡುವು ಬೇಕು ಎಂಬ ಶರೀರದ ಪ್ರಶ್ನೆಗೂ ಅಲ್ಲಿ ಜಾಗವಿರಬೇಕಿತ್ತು.

ಬೀದಿಯ ಬೆಳಕಿನ ಬಗ್ಗೆ ಒಂದು ಮಾತು. ಬಿಳಿ ಎಲ್‌ಇಡಿ ದೀಪಗಳಲ್ಲಿ ನೀಲಿ ಪಾಲು ಹೆಚ್ಚು. ದೀಪಕ್ಕೆ ಮುಸುಕು ಹಾಕಿ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡುವುದು, ಬೆಚ್ಚಗಿನ ಹಳದಿ ಬಣ್ಣದ ದೀಪ ಆರಿಸುವುದು, ನಡುರಾತ್ರಿಯ ಬಳಿಕ ಮಂದಗೊಳಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಮಲಗುವ ಕೋಣೆಗೂ ಕೆರೆಯ ಮರಕ್ಕೂ ಇದು ಒಟ್ಟಿಗೇ ಒಳಿತು.

ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬರಲಿ ಎಂದು ಕಾಯಬೇಕಿಲ್ಲ. ಪಾಳಿಯ ಪಟ್ಟಿ ಬರೆಯುವ ಮೇಲ್ವಿಚಾರಕರು ಮುಂದಿನ ತಿಂಗಳ ಪಟ್ಟಿಯನ್ನು ಮುಂದಿನ ದಿಕ್ಕಿಗೆ ತಿರುಗಿಸಿ ಬರೆಯಬಹುದು. ಅಪಾರ್ಟ್‌ಮೆಂಟ್ ಸಂಘಗಳು ಕಾವಲುಗಾರರಿಗೆ ಅರ್ಧ ಗಂಟೆ ಮಲಗಲು ಫ್ಯಾನು ಇರುವ ಕೋಣೆಯೊಂದನ್ನು ಬಿಟ್ಟುಕೊಡಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಓದುಗರಲ್ಲಿ ನನ್ನ ಕೋರಿಕೆ ಒಂದೇ: ಮುಂದಿನ ಪೋಷಕರ ಸಭೆಯಲ್ಲಿ ಅಂಕ, ಶುಲ್ಕಗಳ ಮಾತು ಮುಗಿದ ಮೇಲೆ, ಎಂಟನೆಯ ತರಗತಿಯಿಂದ ಮೇಲಿನವರಿಗೆ ಮೊದಲ ಗಂಟೆ ಎಂಟೂವರೆಗೆ ಮುಂಚೆ ಏಕೆ ಬಾರಿಸಬೇಕು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.